ಆಲೋಚನೆ ಮತ್ತು ಆಪ್ತಸಮಾಲೋಚನೆ

ನಮ್ಮ ಆಚಾರ್ಯರು ತಪಸ್ಸನ್ನು ಬಾಹ್ಯವೆಂದೂ ಆಭ್ಯಂತರವೆಂದೂ ಎರಡು ವಿಧವಾಗಿ ವಿಂಗಡಿಸಿದ್ದಾರೆ. ಉಪವಾಸ, ರಸಪರಿತ್ಯಾಗ ಮೊದಲಾದ ಬಾಹ್ಯ ತಪಸ್ಸುಗಳು ಎಲ್ಲರ ಕಣ್ಣಿಗೂ ಕಾಣುವಂಥವು. ದಶಲಕ್ಷಣ ಪರ್ವದಲ್ಲಿ ಅವುಗಳನ್ನು ಆಚರಿಸಿದವರನ್ನು ನಾವು ಶಾಲು ಹೊದಿಸಿ ಸನ್ಮಾನಿಸುತ್ತೇವೆ. ಆಭ್ಯಂತರ ತಪಸ್ಸುಗಳು ಆರು. ಅವುಗಳಲ್ಲಿ ಮೊದಲನೆಯದು ಪ್ರಾಯಶ್ಚಿತ್ತ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಪ್ರಾಯಶ್ಚಿತ್ತದ ಒಂಬತ್ತು ಭೇದಗಳನ್ನು ಎಣಿಸುವಾಗ ಎಲ್ಲಕ್ಕಿಂತ ಮೊದಲು ಹೆಸರಿಸಿರುವುದು ಆಲೋಚನೆಯನ್ನು. ಕನ್ನಡದಲ್ಲಿ ನಾವು ಆಲೋಚನೆ ಎಂದರೆ ಮನಸ್ಸಿನೊಳಗೇ ಚಿಂತಿಸುವುದು ಎಂದು ತಿಳಿಯುತ್ತೇವೆ. ಶಾಸ್ತ್ರದಲ್ಲಿ ಅದರ ಅರ್ಥ ಬೇರೆ. ತನ್ನೊಳಗಿರುವುದನ್ನು ಗುರುವಿನ ಮುಂದೆ ಮುಚ್ಚುಮರೆಯಿಲ್ಲದೆ ನಿವೇದಿಸುವುದೇ ಆಲೋಚನೆ. ಈ ಸೂತ್ರವನ್ನು ನಮ್ಮ ಬಸದಿಯ ಭಾನುವಾರದ ಸ್ವಾಧ್ಯಾಯದಲ್ಲಿ ನಾನು ಹಲವು ಸಲ ವಿವರಿಸಿದ್ದೇನೆ. ಆದರೆ ಒಳಗೇ ಇಟ್ಟುಕೊಳ್ಳುವ ಆಲೋಚನೆಗೂ ಹೊರಗೆ ಹೇಳಿಕೊಳ್ಳುವ ಆಲೋಚನೆಗೂ ಎಷ್ಟು ಅಂತರವಿದೆ ಎಂಬುದು ನನಗೆ ಅನುಭವಕ್ಕೆ ಬಂದದ್ದು 2023ರಲ್ಲಿ, ನನ್ನ ಅರವತ್ತಮೂರನೆಯ ವಯಸ್ಸಿನಲ್ಲಿ. ಅದನ್ನು ಇಲ್ಲಿ ಹೇಳಲು ಸಂಕೋಚವಿದೆ. ಆದರೂ ನಮ್ಮ ಸಮಾಜದ ಕೆಲವು ಮನೆಗಳಿಗಾದರೂ ಇದರಿಂದ ಉಪಯೋಗವಾದೀತೆಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ.

ನಾನು 1981ರಲ್ಲಿ ಬಿ.ಕಾಂ. ಮುಗಿಸಿ ಹುಬ್ಬಳ್ಳಿಯ ನಮ್ಮ ತಂದೆಯವರ ಜವಳಿ ಅಂಗಡಿಯ ಗಾದಿಯ ಮೇಲೆ ಕುಳಿತವನು. ವ್ಯವಹಾರವನ್ನು ನಾನೂ ನನ್ನ ಅಣ್ಣನೂ ಕೂಡಿಯೇ ನಡೆಸಿದೆವು. ಖರೀದಿ ಅವರದು, ಕಿರ್ದಿ ಖಾತೆ ನನ್ನದು. 2021ರ ಮೇ ತಿಂಗಳಿನಲ್ಲಿ ಕೋವಿಡ್‌ನಿಂದ ಅಣ್ಣ ತೀರಿಕೊಂಡರು. ಕಡೆಯ ದಿನಗಳಲ್ಲಿ ಅವರ ಕಿವಿಯಲ್ಲಿ ಣಮೋಕಾರ ಮಂತ್ರ ಹೇಳುವ ಭಾಗ್ಯವೂ ನಮಗೆ ದೊರೆಯಲಿಲ್ಲ. ಮನೆಗೆ ಬಂದು ಸಂತೈಸುವ ಕಾಲವೂ ಅದಾಗಿರಲಿಲ್ಲ. ಮರುವರ್ಷ, 2022ರ ದೀಪಾವಳಿಯಲ್ಲಿ, ಹೊಸ ಖಾತೆಯ ಪೂಜೆಯ ದಿನ ನಾನು ಗಾದಿಯನ್ನು ಮಗನಿಗೆ ಬಿಟ್ಟುಕೊಟ್ಟೆ. ಯಾರೂ ಒತ್ತಾಯಿಸಿರಲಿಲ್ಲ. ಪರಿಗ್ರಹ ಪರಿಮಾಣದ ಬಗ್ಗೆ ಉಪನ್ಯಾಸ ಮಾಡುವವನು ಸ್ವತಃ ಹಿಡಿತ ಬಿಡದಿದ್ದರೆ ಹೇಗೆ ಎಂದು ನಾನಾಗಿಯೇ ತೀರ್ಮಾನಿಸಿದ್ದೆ. ನಾಲ್ಕು ದಿನ ಕಳೆದ ಮೇಲೆ ಅಭ್ಯಾಸಬಲದಿಂದ ಅಂಗಡಿಗೆ ಹೋಗಿ ಬಾಕಿಯ ಲೆಕ್ಕ ಕೇಳಿದಾಗ ಮಗ ಬಹಳ ಪ್ರೀತಿಯಿಂದಲೇ ಹೇಳಿದ: "ಅಪ್ಪಾಜಿ, ಈಗೆಲ್ಲಾ ಕಂಪ್ಯೂಟರಿನಾಗ ಅದ. ನೀವು ಮನ್ಯಾಗ ಆರಾಮ ಕೂಡ್ರಿ."

ಆ ಆರಾಮವೇ ನನಗೆ ಭಾರವಾಯಿತು. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ರೆ ಬರುತ್ತಿರಲಿಲ್ಲ. ಎಂದೋ ತೀರಿಹೋದ ಉದ್ರಿ ಬಾಕಿಗಳನ್ನು ಮನಸ್ಸಿನಲ್ಲಿ ಕೂಡಿಸುತ್ತ ಮಲಗಿರುತ್ತಿದ್ದೆ. ಸಾಮಾಯಿಕಕ್ಕೆ ಕುಳಿತರೆ ನಲವತ್ತೆಂಟು ನಿಮಿಷವೂ ಅಣ್ಣನಿದ್ದ ಆಸ್ಪತ್ರೆಯ ಬಾಗಿಲೇ ಕಣ್ಣ ಮುಂದೆ ಬರುತ್ತಿತ್ತು. ಊಟ ಸೇರುತ್ತಿರಲಿಲ್ಲ. ಒಂದು ದಿನ ಆರು ವರ್ಷದ ಮೊಮ್ಮಗ ನನ್ನ ಕನ್ನಡಕವನ್ನು ಮುಟ್ಟಿದನೆಂದು ಕೈಯೆತ್ತಿದೆ. ಮನೆಯಾಕೆ, "ನಿಮಗ ಏನಾಗೇದ? ನನ್ನ ಮುಂದರ ಹೇಳ್ರಿ" ಎಂದರು. ನಾನು ಹೇಳಲಿಲ್ಲ. ಹೇಳಲು ನನ್ನಲ್ಲಿ ಮಾತುಗಳೇ ಇರಲಿಲ್ಲ. ನಮ್ಮ ಕುಟುಂಬದ ವೈದ್ಯರು ರಕ್ತ ಪರೀಕ್ಷೆ, ಹೃದಯ ಪರೀಕ್ಷೆ ಎಲ್ಲವನ್ನೂ ಮಾಡಿಸಿ, ದೇಹದಲ್ಲಿ ಇಂಥ ತೊಂದರೆಗೆ ಕಾರಣವಾಗುವಂಥದ್ದೇನೂ ಇಲ್ಲ, ಮನೋವೈದ್ಯರನ್ನು ಕಾಣುವುದು ಒಳ್ಳೆಯದು ಎಂದರು. ನಾನು ಆ ಚೀಟಿಯನ್ನು ಮಡಿಚಿ ಕಿಸೆಗೆ ಹಾಕಿಕೊಂಡವನು ಮತ್ತೆ ತೆಗೆಯಲಿಲ್ಲ.

ಅದಕ್ಕೆ ಕಾರಣಗಳು ಎರಡು. ಒಂದು, ಪೇಟೆಯ ಭಯ. ವ್ಯಾಪಾರಿಯ ನಿಜವಾದ ಬಂಡವಾಳ ಅವನ ಪತ್ತು. ಇಂಥವರಿಗೆ ತಲೆ ಸರಿಯಿಲ್ಲವಂತೆ ಎಂಬ ಒಂದು ಮಾತು ಜವಳಿ ಸಾಲಿನಲ್ಲಿ ಹರಡಿದರೆ, ಮೂರು ತಿಂಗಳ ವಾಯಿದೆಗೆ ಮಾಲು ಕೊಡುತ್ತಿದ್ದವರು ನಗದು ಕೇಳುತ್ತಾರೆ. ನಮ್ಮ ಕಡೆ ಯಾರಾದರೂ ಸ್ವಲ್ಪ ವಿಚಿತ್ರವಾಗಿ ನಡೆದುಕೊಂಡರೆ "ಇವನ್ನ ಧಾರವಾಡಕ್ಕ ಕಳಸಬೇಕು" ಎಂದು ನಗುವುದುಂಟು; ಅಲ್ಲಿಯ ಹಳೆಯ ಮಾನಸಿಕ ಆಸ್ಪತ್ರೆಯನ್ನು ನೆನೆದು ಆಡುವ ಮಾತದು. ಆ ಮಾತನ್ನಾಡಿ ನಾನೂ ಎಷ್ಟೋ ಸಲ ನಕ್ಕಿದ್ದೇನೆ.

ಎರಡನೆಯ ಕಾರಣ ಇನ್ನೂ ಆಳವಾದದ್ದು. ಆರ್ತಧ್ಯಾನದ ನಾಲ್ಕು ಬಗೆಗಳಲ್ಲಿ ಇಷ್ಟವಿಯೋಗಜವೂ ಒಂದು. ಪ್ರಿಯರಾದವರು ಅಗಲಿದಾಗ ಮತ್ತೆ ಮತ್ತೆ ಅದನ್ನೇ ಚಿಂತಿಸುವುದು ಅದರ ಲಕ್ಷಣ. ಆರ್ತಧ್ಯಾನವು ತಿರ್ಯಂಚ ಗತಿಗೆ ಕಾರಣ ಎಂದು ನಾನೇ ಸ್ವಾಧ್ಯಾಯದಲ್ಲಿ ಹೇಳಿದ್ದವನು. ಈಗ ನನಗೆ ನನ್ನ ದುಃಖದ ಜೊತೆಗೆ ಆ ದುಃಖದ ಭಯವೂ ಸೇರಿಕೊಂಡಿತು. ಇಷ್ಟು ವರ್ಷ ಶಾಸ್ತ್ರ ಓದಿಯೂ ಸಮತಾಭಾವ ಬರಲಿಲ್ಲವಲ್ಲ ಎಂದು ನಾಚಿದೆ. ಅಸಾತಾ ವೇದನೀಯ ಕರ್ಮದ ಉದಯವಿದು, ಅನುಭವಿಸಿಯೇ ತೀರಬೇಕು ಎಂದು ಸಮಾಧಾನ ಹೇಳಿಕೊಂಡೆ. ಜ್ವರ ಬಂದಾಗಲೂ ಉದಯಕ್ಕೆ ಬರುವುದು ಅದೇ ಕರ್ಮ. ಆಗ ನಾವು ಔಷಧವನ್ನು ಬೇಡವೆನ್ನುವುದಿಲ್ಲ ಎಂಬುದು ಅಂದು ನನಗೆ ಹೊಳೆಯಲಿಲ್ಲ. ಕರ್ಮಸಿದ್ಧಾಂತದಲ್ಲಿ ಸಂಕ್ರಮಣ, ಅಪಕರ್ಷಣ, ಉಪಶಮಗಳನ್ನು ಹೇಳಿರುವುದು ಪುರುಷಾರ್ಥಕ್ಕೆ ಎಡೆಯಿದೆ ಎಂದು ತಿಳಿಸಲಿಕ್ಕಲ್ಲವೇ?

ದಾರಿ ತೋರಿದವಳು ಬೆಂಗಳೂರಿನಲ್ಲಿರುವ ಮಗಳು. ಮೊಬೈಲ್ ಮೂಲಕವೇ ಮನಶ್ಶಾಸ್ತ್ರಜ್ಞರೊಡನೆ ಮಾತನಾಡಬಹುದು, ಯಾರ ಆಸ್ಪತ್ರೆಯ ಮೆಟ್ಟಿಲನ್ನೂ ಹತ್ತಬೇಕಿಲ್ಲ ಎಂದು ಅವಳು ಹೇಳಿದಾಗ, ಆಕೆಯ ಮಾತನ್ನು ತಳ್ಳಿಹಾಕಲಾರದೆ ಒಪ್ಪಿದೆ. ಒಂದು ಭೇಟಿಗೆ ಸಾಧಾರಣವಾದ ಒಂದು ಸೀರೆಯ ಬೆಲೆ. ಮನೆಯಲ್ಲಿ ಏಕಾಂತ ದೊರೆಯುವಂತಿರಲಿಲ್ಲ. ಹೀಗಾಗಿ ಪ್ರತಿ ಗುರುವಾರ ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸಿ, ಗೋದಾಮಿನ ಮೇಲಂತಸ್ತಿಗೆ ಹೋಗಿ, ಬಟ್ಟೆಯ ಗಂಟುಗಳ ನಡುವೆ ಕುಳಿತು, ಹಳೆಯ ಖಾತೆ ಪುಸ್ತಕವೊಂದಕ್ಕೆ ಮೊಬೈಲನ್ನು ಒರಗಿಸಿಡುತ್ತಿದ್ದೆ. ಆ ಕಡೆ ಕಾಣಿಸಿದವರು ನನ್ನ ಮಗಳ ವಯಸ್ಸಿನ ಒಬ್ಬ ಹೆಣ್ಣುಮಗಳು. ಚಿಕಿತ್ಸಾ ಮನಶ್ಶಾಸ್ತ್ರದಲ್ಲಿ ತರಬೇತಿ ಪಡೆದವರು, ಜೈನರಲ್ಲ.

ಮೊದಲ ದಿನ ನಾನು, "ನನ್ನ ಸ್ನೇಹಿತರೊಬ್ಬರಿಗೆ ನಿದ್ರೆ ಬರುತ್ತಿಲ್ಲ ಮೇಡಂ, ಅವರ ಪರವಾಗಿ ಕೇಳುತ್ತಿದ್ದೇನೆ" ಎಂದೆ. ಆಕೆ ನಗಲಿಲ್ಲ, ಸಂಶಯವನ್ನೂ ತೋರಿಸಲಿಲ್ಲ. "ನಿಮ್ಮ ಸ್ನೇಹಿತರಿಗೆ ರಾತ್ರಿ ಎಷ್ಟು ಹೊತ್ತಿಗೆ ಎಚ್ಚರವಾಗುತ್ತದೆ ಸರ್?" ಎಂದು ಕೇಳಿ ಬರೆದುಕೊಂಡರು. ಎರಡು ಗುರುವಾರ ಹೀಗೆಯೇ ನಡೆಯಿತು. ಮೂರನೆಯ ಗುರುವಾರ, "ನಿಮ್ಮ ಸ್ನೇಹಿತರು ಅಣ್ಣನವರಿಗಾಗಿ ಅತ್ತದ್ದುಂಟೆ?" ಎಂದರು. ನಾನು ಬಹಳ ಹೊತ್ತು ಸುಮ್ಮನಿದ್ದೆ. ಆಮೇಲೆ, "ಆ ಸ್ನೇಹಿತ ನಾನೇ ತಾಯಿ" ಎಂದೆ. ಅಣ್ಣ ಹೋದ ಮೇಲೆ ಮೊದಲ ಬಾರಿಗೆ ಅತ್ತದ್ದು ಆ ದಿನ, ಆ ಗಂಟುಗಳ ನಡುವೆ.

ಮನೆಗೆ ಹಿಂದಿರುಗಿದ ಮೇಲೆ ನೆನಪಾದದ್ದು ಮೂಲಾಚಾರ ಮತ್ತು ಭಗವತೀ ಆರಾಧನೆಗಳಲ್ಲಿ ಬರುವ ಆಲೋಚನೆಯ ಹತ್ತು ದೋಷಗಳು. ಅವುಗಳಲ್ಲಿ ಒಂದರ ಹೆಸರು ಛನ್ನ: ಇಂಥ ತಪ್ಪು ಮಾಡಿದವನಿಗೆ ಏನು ಪ್ರಾಯಶ್ಚಿತ್ತ ಎಂದು ಬೇರೆಯವರ ಮಾತೆಂಬಂತೆ ಮರೆಮಾಚಿ ಕೇಳಿ ತಿಳಿದುಕೊಳ್ಳುವುದು. ನಾನು ಎರಡು ವಾರ ಮಾಡಿದ್ದು ಇದನ್ನೇ. ಮತ್ತೊಂದು ದೃಷ್ಟ: ಇತರರು ಕಂಡದ್ದನ್ನು ಮಾತ್ರ ಹೇಳಿ, ಕಾಣದ್ದನ್ನು ಬಚ್ಚಿಡುವುದು. ಮನೆಯವರು ಕಂಡಿದ್ದ ಕೋಪವನ್ನು ವೈದ್ಯರಿಗೆ ಹೇಳಿದ್ದೆ, ಕಾಣದ ಭಯವನ್ನು ಹೇಳಿರಲಿಲ್ಲ. ಸೂಕ್ಷ್ಮವೆಂಬುದು ಸಣ್ಣದನ್ನು ಹೇಳಿ ದೊಡ್ಡದನ್ನು ಮುಚ್ಚುವುದು. ನಿದ್ರೆಯ ಮಾತನ್ನಾಡಿ ಅಣ್ಣನ ಮಾತನ್ನು ಬಿಟ್ಟದ್ದು ಆ ಬಗೆಯದು. ಶಬ್ದಾಕುಲಿತವೆಂದರೆ ಎಲ್ಲರೂ ಒಟ್ಟಾಗಿ ಪ್ರತಿಕ್ರಮಣ ಮಾಡುವ ಗದ್ದಲದಲ್ಲಿ ಯಾರಿಗೂ ಕೇಳಿಸದಂತೆ ಹೇಳಿ ಮುಗಿಸುವುದು. ಗಂಡಸರು ತಮ್ಮ ಸಂಕಟವನ್ನು ಮದುವೆಯ ಮನೆಯ ಪಂಕ್ತಿಯಲ್ಲಿ ತಮಾಷೆಯ ಮಾತಾಗಿ ತೇಲಿಸಿಬಿಡುವುದನ್ನು ನೋಡಿದಾಗ ನನಗೆ ಈ ದೋಷ ನೆನಪಾಗುತ್ತದೆ. ಮುನಿಗಳಿಗಾಗಿ ಬರೆದ ಈ ಪಟ್ಟಿ ಮನುಷ್ಯರ, ಅದರಲ್ಲೂ ನಮ್ಮಂಥ ಪುರುಷರ, ನಾಲಗೆ ಎಲ್ಲೆಲ್ಲಿ ತಡವರಿಸುತ್ತದೆ ಎಂಬುದನ್ನು ಚೆನ್ನಾಗಿ ಬಲ್ಲದು.

ನಾಲ್ಕನೆಯ ಗುರುವಾರ ಆಕೆ ನೇರವಾಗಿ, "ಬದುಕುವುದೇ ಬೇಡವೆಂದು ಅನ್ನಿಸುತ್ತದೆಯೇ ಸರ್?" ಎಂದು ಕೇಳಿದರು. "ಹಾಗೇನಿಲ್ಲ. ಸಲ್ಲೇಖನದ ವಿಚಾರ ಮಾಡುತ್ತಿದ್ದೇನೆ ಅಷ್ಟೆ. ಅದು ನಮ್ಮ ಧರ್ಮದಲ್ಲಿದೆ" ಎಂದೆ. ಆಕೆ ಆ ಶಬ್ದವನ್ನು ಕೇಳಿದ್ದರು, ಆದರೆ ವಿವರ ತಿಳಿದಿರಲಿಲ್ಲ. "ಯಾರು, ಯಾವಾಗ, ಏತಕ್ಕಾಗಿ ಅದನ್ನು ಕೈಗೊಳ್ಳುತ್ತಾರೆ? ನನಗೆ ತಿಳಿಸಿ ಹೇಳಿ" ಎಂದರು. ಪಾಠ ಹೇಳುವುದೆಂದರೆ ನನಗೆ ಸಂತೋಷ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿರುವಂತೆ ವಿವರಿಸತೊಡಗಿದೆ: ಪ್ರತೀಕಾರವೇ ಇಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ, ಇವು ಒದಗಿದಾಗ ಮಾತ್ರ, ಅದೂ ಕಷಾಯಗಳನ್ನು ಕೃಶಗೊಳಿಸಿ, ಎಲ್ಲರನ್ನೂ ಕ್ಷಮಿಸಿ, ಎಲ್ಲರಿಂದ ಕ್ಷಮೆ ಬೇಡಿ, ಆಲೋಚನೆ ಮಾಡಿ, ಪ್ರಸನ್ನ ಚಿತ್ತದಿಂದ ಎಂದೆ. ಅದಕ್ಕೆ ಐದು ಅತಿಚಾರಗಳೂ ಇವೆ ಎಂದು ಎಣಿಸಲಾರಂಭಿಸಿದೆ. ಮೊದಲನೆಯದು ಜೀವಿತಾಶಂಸೆ, ಬದುಕಬೇಕೆಂಬ ಆಸೆ. ಎರಡನೆಯದು ಮರಣಾಶಂಸೆ, ಬೇಗ ಸಾಯಬೇಕೆಂಬ ಆಸೆ. ಅಲ್ಲಿಗೆ ನನ್ನ ಸ್ವರ ನಿಂತಿತು.

ಆಕೆ ಸ್ವಲ್ಪ ಹೊತ್ತು ಕಾದು ಮೆಲ್ಲನೆ ಕೇಳಿದರು: "ನೀವು ಹೇಳಿದ ನಾಲ್ಕು ಕಾರಣಗಳಲ್ಲಿ ನಿಮ್ಮದು ಯಾವುದು ಸರ್?"

ಒಂದೂ ಆಗಿರಲಿಲ್ಲ. ನನಗೆ ಪ್ರತೀಕಾರವಿಲ್ಲದ ರೋಗವಿರಲಿಲ್ಲ. ಇದ್ದ ರೋಗಕ್ಕೆ ನಾನು ಪ್ರತೀಕಾರವನ್ನೇ ಮಾಡಿರಲಿಲ್ಲ. ವ್ರತಗಳಲ್ಲೆಲ್ಲ ಶಿಖರಪ್ರಾಯವಾದ ವ್ರತದ ಹೆಸರನ್ನು ನನ್ನ ಹತಾಶೆಗೆ ಹೊದಿಸಿ, ಯಾರಿಗೂ ಪ್ರಶ್ನಿಸಲು ಬಾರದಂತೆ ಮಾಡಿಕೊಂಡಿದ್ದೆ. ಸಲ್ಲೇಖನ ಆತ್ಮಹತ್ಯೆಯಲ್ಲ ಎಂದು ಸಾಧಿಸಲು ನಾವು 2015ರಲ್ಲಿ ಊರೂರಿನಲ್ಲಿ ಮೌನ ಮೆರವಣಿಗೆ ನಡೆಸಿದೆವು. ರಾಜಸ್ಥಾನ ಹೈಕೋರ್ಟಿನ ತೀರ್ಪಿಗೆ ಅದೇ ವರ್ಷ ಆಗಸ್ಟ್ 31ರಂದು ಸರ್ವೋಚ್ಚ ನ್ಯಾಯಾಲಯ ತಡೆಯಾಜ್ಞೆ ನೀಡಿತು. ಆ ಭೇದವನ್ನು ಹೊರಗಿನವರಿಗೆ ತಿಳಿಸುವುದು ಎಷ್ಟು ಅಗತ್ಯವೋ, ನಮ್ಮೊಳಗಿನವರಿಗೆ ತಿಳಿಸುವುದೂ ಅಷ್ಟೇ ಅಗತ್ಯ. ಮನೆಯ ಹಿರಿಯರೊಬ್ಬರು ಖಿನ್ನರಾಗಿ, ಊಟ ಕಡಿಮೆ ಮಾಡಿ, ಸಲ್ಲೇಖನದ ಮಾತನ್ನಾಡಿದರೆ ಕೈಮುಗಿದು ಸುಮ್ಮನಾಗಬೇಡಿ. ಗುರುಗಳ ಬಳಿಗೂ ಕರೆದೊಯ್ಯಿರಿ, ವೈದ್ಯರ ಬಳಿಗೂ ಕರೆದೊಯ್ಯಿರಿ.

ಆ ಸಂಜೆಯೇ ಆಕೆ ನನ್ನ ಒಪ್ಪಿಗೆ ಪಡೆದು ಮನೆಯಾಕೆಯೊಂದಿಗೆ ಮಾತನಾಡಿದರು. ಇದು ದೂರದಿಂದ ಮಾತ್ರ ನಿಭಾಯಿಸತಕ್ಕದ್ದಲ್ಲ, ನಾಳೆಯೇ ಊರಿನ ಮನೋವೈದ್ಯರನ್ನು ಖುದ್ದಾಗಿ ಕಾಣಬೇಕು ಎಂದು ಸ್ಪಷ್ಟವಾಗಿ ಹೇಳಿದರು. ಮಡಿಚಿಟ್ಟಿದ್ದ ಚೀಟಿ ಹೊರಗೆ ಬಂತು. ಹನ್ನೊಂದು ತಿಂಗಳು ಮಾತ್ರೆ ತೆಗೆದುಕೊಂಡೆ, ವೈದ್ಯರ ಸೂಚನೆಯಂತೆಯೇ ಕ್ರಮೇಣ ನಿಲ್ಲಿಸಿದೆ. ಗುರುವಾರದ ಮಾತುಕತೆಯೂ ಜೊತೆಯಲ್ಲೇ ನಡೆಯಿತು. ಆಕೆ ಹೇಳಿಕೊಟ್ಟದ್ದು ಮಾಯಮಂತ್ರವೇನಲ್ಲ. ಚಿಂತೆಗಳನ್ನು ದಿನಕ್ಕೊಮ್ಮೆ ಗೊತ್ತಾದ ಹೊತ್ತಿನಲ್ಲಿ ಕಾಗದದ ಮೇಲೆ ಬರೆಯುವುದು, ಉಳಿದ ಹೊತ್ತಿನಲ್ಲಿ ಬಂದರೆ ಆ ಹೊತ್ತಿಗೆ ಮುಂದೂಡುವುದು; ಎದ್ದೇಳುವ ಸಮಯವನ್ನು ತಪ್ಪಿಸದಿರುವುದು; ಮನಸ್ಸಿಲ್ಲದಿದ್ದರೂ ಬೆಳಿಗ್ಗೆ ಬಸದಿಗೆ ನಡೆದೇ ಹೋಗುವುದು; ಅಂಗಡಿಯಿಲ್ಲದೆ ನಾನಿಲ್ಲ ಎಂಬ ಯೋಚನೆ ಬಂದಾಗ, ಅದು ನಿಜವೆನ್ನಲು ಆಧಾರವೇನು, ಅಲ್ಲವೆನ್ನಲು ಆಧಾರವೇನು ಎಂದು ಎರಡು ಕಾಲಂಗಳಲ್ಲಿ ಬರೆಯುವುದು. ಜಮೆ ಖರ್ಚು ಬರೆದ ಕೈಗೆ ಇದು ಸುಲಭವಾಗಿ ಒಗ್ಗಿತು.

ಇಲ್ಲಿ ಒಂದು ಧಾರ್ಮಿಕ ಪ್ರಶ್ನೆಯುಂಟು. ಶ್ರಾವಕನಾದವನು ತನ್ನ ಅಂತರಂಗವನ್ನು ಗುರುವಲ್ಲದವರ, ಅನ್ಯಮತದವರ ಮುಂದೆ ತೆರೆಯಬಹುದೇ? ನನ್ನ ಅಲ್ಪಮತಿಗೆ ತೋರುವುದಿಷ್ಟು. ಆಲೋಚನೆಯ ವಿಷಯ ದೋಷ, ಅದರ ಫಲ ನಿರ್ಜರೆ. ಆಪ್ತಸಮಾಲೋಚನೆಯ ವಿಷಯ ವ್ಯಾಧಿ, ಅದರ ಫಲ ಆರೋಗ್ಯ. ಒಂದು ಇನ್ನೊಂದರ ಸ್ಥಾನವನ್ನು ಆಕ್ರಮಿಸುವುದಿಲ್ಲ. ಮೊಮ್ಮಗನ ಮೇಲೆ ಕೈಯೆತ್ತಿದ ದೋಷಕ್ಕೆ ನಾನು ಪ್ರಾಯಶ್ಚಿತ್ತ ಬೇಡಿದ್ದು ಮುನಿಗಳಲ್ಲಿ. ನಿದ್ರೆಗೆಟ್ಟ ರೋಗಕ್ಕೆ ಚಿಕಿತ್ಸೆ ಪಡೆದದ್ದು ವೈದ್ಯರಲ್ಲಿ. ಆದರೆ ಕೇಳುವವರಿಗೆ ಇರಬೇಕಾದ ಗುಣ ಎರಡು ಕಡೆಯೂ ಒಂದೇ. ಆಲೋಚನೆಯನ್ನು ಕೇಳುವ ಆಚಾರ್ಯನು ಅಪರಿಸ್ರಾವಿಯಾಗಿರಬೇಕು ಎಂದು ಭಗವತೀ ಆರಾಧನೆ ಹೇಳುತ್ತದೆ. ಕಾದ ಕಬ್ಬಿಣ ಹೀರಿದ ನೀರು ಹೊರಬಾರದಂತೆ, ಅವನೊಳಗೆ ಹೋದ ಮಾತು ಹೊರಬಾರದು. ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯೂ ಚಿಕಿತ್ಸೆ ಪಡೆಯುವವರ ಗೋಪ್ಯತೆಯನ್ನು ಒಂದು ಹಕ್ಕೆಂದೇ ಹೇಳಿದೆ. ಹಾಗೆಯೇ, ಅರ್ಹತೆಯಿಲ್ಲದವರ ಮುಂದೆ ಹೇಳಿಕೊಳ್ಳುವುದು ಅವ್ಯಕ್ತವೆಂಬ ದೋಷ. ಮೊಬೈಲಿನಲ್ಲಿ ಸಲಹೆ ಕೊಡುತ್ತೇವೆನ್ನುವವರೆಲ್ಲ ಅರ್ಹರಲ್ಲ. ಮನೋವೈದ್ಯರಾದರೆ ವೈದ್ಯಕೀಯ ಪರಿಷತ್ತಿನ ನೋಂದಣಿಯನ್ನೂ, ಚಿಕಿತ್ಸಾ ಮನಶ್ಶಾಸ್ತ್ರಜ್ಞರಾದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿಯನ್ನೂ ಕೇಳಲು ನಾಚಬೇಕಾಗಿಲ್ಲ. ಮಾಲು ಕೊಳ್ಳುವಾಗ ಥಾನನ್ನು ಬಿಚ್ಚಿ ನೋಡುವವರು ನಾವು.

ದೂರದ ಚಿಕಿತ್ಸೆಯ ಗುಣವನ್ನೂ ಮಿತಿಯನ್ನೂ ಹೇಳಬೇಕು. ಎದುರಿಗೆ ಕುಳಿತಿದ್ದರೆ ನಾನು ಬಾಯಿ ಬಿಡುತ್ತಿದ್ದೆನೋ ಇಲ್ಲವೋ. ಪರದೆಯ ಅಂತರವೇ ನನಗೆ ಧೈರ್ಯ ಕೊಟ್ಟಿತು. ಆದರೆ ಸಂಪರ್ಕ ಕಡಿದುಹೋಗಿ ಅರ್ಧ ಮಾತು ಅರ್ಧಕ್ಕೇ ನಿಂತದ್ದುಂಟು. ನನ್ನ ಕೈ ನಡುಗುವುದು ಆಕೆಗೆ ಕಾಣುತ್ತಿರಲಿಲ್ಲ. ಪ್ರಾಣಕ್ಕೆ ಅಪಾಯವಿರುವಾಗ ಪರದೆ ಸಾಲದು, ಹತ್ತಿರದಲ್ಲಿ ಮನುಷ್ಯರೇ ಬೇಕು.

ಆ ವರ್ಷದ ಚಾತುರ್ಮಾಸದಲ್ಲಿ ನಮ್ಮ ಊರಿಗೆ ಬಂದಿದ್ದ ಮುನಿಮಹಾರಾಜರಲ್ಲಿ ಈ ಎಲ್ಲವನ್ನೂ ನಿವೇದಿಸಿದೆ. ಅವರು ಕೇಳಿದ್ದು ಒಂದೇ ಮಾತು: "ನಿಮಗೆ ಮಗಳಿದ್ದಳು. ಇಲ್ಲದವರಿಗೆ ಯಾರಿದ್ದಾರೆ?"

ಆ ಪ್ರಶ್ನೆಗೆ ಉತ್ತರವಾಗಿ ಕೆಲವು ಅಂಕಿಗಳನ್ನು ಮುಂದಿಡುತ್ತೇನೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಪ್ರಕಾರ 2022ರಲ್ಲಿ ನಮ್ಮ ದೇಶದಲ್ಲಿ ಆತ್ಮಹತ್ಯೆಯಿಂದ ಮಡಿದವರು 1,70,924 ಮಂದಿ. ಅವರಲ್ಲಿ ನೂರಕ್ಕೆ ಸುಮಾರು 72 ಮಂದಿ ಪುರುಷರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ಸಾಮಾನ್ಯ ಮಾನಸಿಕ ತೊಂದರೆಗಳಿದ್ದವರಲ್ಲಿ ನೂರಕ್ಕೆ ಸುಮಾರು 85 ಮಂದಿಗೆ ಚಿಕಿತ್ಸೆ ದೊರೆತಿರಲಿಲ್ಲ. ಹಣವಿಲ್ಲದವರಿಗಾಗಿ ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಟೆಲಿ-ಮಾನಸ್ ಎಂಬ ದೂರವಾಣಿ ಸೇವೆಯನ್ನು ಆರಂಭಿಸಿದೆ. 14416 ಎಂಬ ಸಂಖ್ಯೆಗೆ ಹಗಲಿರುಳು ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು.

ನಮ್ಮ ಬಸದಿಗಳ ಟ್ರಸ್ಟುಗಳಿಗೆ ನನ್ನ ವಿನಂತಿ ಇಷ್ಟೇ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಆಹಾರದಾನಕ್ಕೂ ಶಾಸ್ತ್ರದಾನಕ್ಕೂ ನಮ್ಮಲ್ಲಿ ದಾನಿಗಳು ಬೇಕಷ್ಟಿದ್ದಾರೆ. ಔಷಧದಾನದ ನಿಧಿಯಲ್ಲಿ ಮನಸ್ಸಿನ ಚಿಕಿತ್ಸೆಗೂ ಒಂದು ಭಾಗವಿರಲಿ. ಪಡೆದವರ ಹೆಸರು ವಾರ್ಷಿಕ ವರದಿಯಲ್ಲಿ ಬಾರದಿರಲಿ. ಪ್ರತಿ ವರ್ಷ ಅಚ್ಚು ಹಾಕಿಸುವ ದಿನದರ್ಶಿಕೆಯ ಮೂಲೆಯಲ್ಲಿ ಆ ಐದು ಅಂಕಿಗಳನ್ನು ಅಚ್ಚು ಹಾಕಿಸಿ. ಕೂಡು ಮನೆಗಳಲ್ಲಿ ಏಕಾಂತವಿರುವುದಿಲ್ಲ. ಯಾತ್ರಿನಿವಾಸದ ಒಂದು ಕೋಣೆಯನ್ನು ಸಂಜೆಯ ಒಂದು ಗಂಟೆ, ಏಕೆಂದು ಕೇಳದೆ, ಬಾಗಿಲು ಹಾಕಿಕೊಂಡು ಮಾತನಾಡಬೇಕೆನ್ನುವವರಿಗೆ ಬಿಟ್ಟುಕೊಡಿ. ಹೋಗಿ ಬಂದವರನ್ನು ಕುರಿತು ನಾವು ಮಾತನಾಡದಿದ್ದರೆ ಅದೇ ದೊಡ್ಡ ಅಭಯದಾನ.

ನಾನೀಗ ಮತ್ತೆ ಭಾನುವಾರದ ಸ್ವಾಧ್ಯಾಯಕ್ಕೆ ಕುಳಿತುಕೊಳ್ಳುತ್ತೇನೆ. ಆರ್ತಧ್ಯಾನದ ಪಾಠ ಬಂದಾಗ ಅದರ ಫಲವನ್ನು ಹೇಳುವುದಕ್ಕೆ ಮೊದಲು, ಇಲ್ಲಿ ಯಾರಿಗಾದರೂ ನಿದ್ರೆ ಬರುತ್ತಿಲ್ಲವೇ ಎಂದು ಕೇಳುತ್ತೇನೆ. ಇದುವರೆಗೆ ಯಾರೂ ಕೈಯೆತ್ತಿಲ್ಲ. ಆದರೆ ಪಾಠ ಮುಗಿದು ಚಾಪೆ ಸುತ್ತುವ ಹೊತ್ತಿಗೆ ಒಬ್ಬಿಬ್ಬರು ಹಿಂದೆ ಉಳಿದು, ತಮ್ಮ ಸ್ನೇಹಿತರೊಬ್ಬರ ಬಗ್ಗೆ ಕೇಳಿದ್ದುಂಟು. ಅವರಿಗೆ ನಾನು ಏನನ್ನೂ ಎದುರು ಪ್ರಶ್ನಿಸುವುದಿಲ್ಲ. ಗೋದಾಮಿನ ಮೇಲಂತಸ್ತಿನ ಕೀಲಿಕೈ ನನ್ನ ಬಳಿ ಇದೆ, ಗುರುವಾರ ಸಂಜೆ ಅಲ್ಲಿ ಯಾರೂ ಇರುವುದಿಲ್ಲ ಎಂದಷ್ಟೇ ಹೇಳುತ್ತೇನೆ.